ಐವತ್ತು ಎಲೆಯ ಮುಯ್ಯಿ

ಫರಹತ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಈ ಆಯ್ತವಾರ ಬರ್ತೇನಿ ಪಂಚೂ. ಆದ್ರ ಆಟ ಇದೇ ಕಡೀದು. ಇನ್ನ ಮುಂದ ನನಗ ಆಗಂಗಿಲ್ಲ."

"ಯಾಕಬೇ? ಏನಾತು?"

"ಏನಿಲ್ಲ. ಕೆಲಸ ಭಾಳ ಆಗ್ಯಾವ."

ಕೆಲಸವಂತೆ ಕೆಲಸ! ನಾವಿಬ್ಬರೂ ನರ್ಸುಗಳು. ಕೆಲಸ ಇಲ್ಲದ ದಿನ ನಮ್ಮ ಹಣೆಯಲ್ಲಿ ಎಲ್ಲಿ ಬರೆದಿದೆ? ನಾನು ಜೇವರ್ಗಿಯಲ್ಲಿ, ಅವಳು ಅಫಜಲಪುರದಲ್ಲಿ. ಕಲಬುರಗಿಯಲ್ಲಿ ಟ್ರೇನಿಂಗ್ ಮಾಡುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಒಂಬತ್ತು ವರ್ಷದಿಂದ ತಿಂಗಳಿಗೊಂದು ಭಾನುವಾರ ಅವಳು ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಾಳೆ, ನಾವು ಎಲೆಯಾಡುತ್ತೇವೆ. ಗಂಡ, ಮಕ್ಕಳು, ಅತ್ತೆ ಎಲ್ಲ ಇರುವ ಅವಳೇ ಇಷ್ಟು ವರ್ಷ ತಪ್ಪಿಸಿರಲಿಲ್ಲ. ನನಗಾದರೋ ಅವ್ವ ಒಬ್ಬಳೇ. ಫರಹತಳನ್ನು ಬಿಟ್ಟರೆ ಭಾನುವಾರ ನನ್ನ ಮನೆಯ ಕದ ತಟ್ಟುವವನು ಹಾಲಿನವನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆ ಫೋನು ಇಟ್ಟ ಮೇಲೆ ನನಗೆ ಹೆದರಿಕೆಯಾಯಿತು.

ಎಲೆಯಾಟ ಎಂದರೆ ಇಸ್ಪೀಟಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಓಣಿಯ ದೌಲತರಾಯ ಕಾಕಾ ಒಮ್ಮೆ ಕಿಟಕಿಯಲ್ಲಿ ಇಣುಕಿ, "ಸಿಸ್ಟರ್, ರೊಕ್ಕ ಹಚ್ಚಿ ಆಡಾಕತ್ತೀರೇನ್ರಿ?" ಎಂದು ಕೇಳಿದ್ದ. ಅವನಿಗೆ ಅರ್ಧ ತಾಸು ತಿಳಿಸಿ ಹೇಳಿದ್ದೆ. ಪಾಪ, ಕೊನೆಗೆ ಅವನೇ ಕೈಮುಗಿದು ಹೋದ. ಇದು ಕಾಲ್ಪನಿಕ ಲೋಕದ ಆಟ. ಮಂಜು ಕವಿದ ಒಂದು ನಾಡು, ಅದರ ನಡುವೆ ಒಂದು ಕೋಟೆ. ಒಬ್ಬೊಬ್ಬರ ಹತ್ತಿರ ಇಬ್ಬರು ವೀರರು ಮತ್ತು ಐವತ್ತು ಎಲೆಗಳ ಒಂದು ಕಟ್ಟು. ಕಟ್ಟಿನಲ್ಲಿ ಆಯುಧ, ಮಂತ್ರ, ಜೊತೆಗಾರರು. ಆಡುವವರು ಒಬ್ಬರ ವಿರುದ್ಧ ಒಬ್ಬರಲ್ಲ. ಎಲ್ಲರೂ ಒಂದು ಕಡೆ, ಮಂಜು ಒಂದು ಕಡೆ. ಮಂಜಿಗೂ ತನ್ನದೇ ಒಂದು ಕಟ್ಟು ಇದೆ, ಸುತ್ತಿಗೊಮ್ಮೆ ಅದರಿಂದ ಒಂದು ಗಂಡಾಂತರ ಹೊರಬೀಳುತ್ತದೆ. ಪ್ರತಿ ಸಲ ಹೆದರಿಕೆಯ ಅಂಕಿ ಏರುತ್ತದೆ. ಅದು ಮೂವತ್ತಾದರೆ ಎಲ್ಲರೂ ಸೋತಂತೆ. ಕೋಟೆ ತಲುಪಿದರೆ ಎಲ್ಲರೂ ಗೆದ್ದಂತೆ. ಒಬ್ಬರೇ ಗೆಲ್ಲುವ ಮಾತೇ ಇಲ್ಲ.

ಪೆಟ್ಟಿಗೆ ಫರಹತಳದು. ಅವಳ ಅಣ್ಣ ಜುಬೇರ ಪುಣೆಯಿಂದ ತಂದುಕೊಟ್ಟದ್ದು. ಆದರೆ ಅದು ನಮ್ಮ ಮನೆಯಲ್ಲಿರುತ್ತದೆ, ಏಕೆಂದರೆ ನಾನು ಎಲೆಗಳನ್ನು ಚೊಕ್ಕವಾಗಿ ಇಡುತ್ತೇನೆ. ಆಟದ ಇಂಗ್ಲಿಷ್ ಪುಸ್ತಕ ಓದಿ ನಿಯಮ ಕಲಿತವಳೂ ನಾನೇ, ಅವಳಿಗೆ ಕಲಿಸಿದವಳೂ ನಾನೇ. ಮೊದಲು ಮೂವರಿದ್ದೆವು. ಆಳಂದ ಕಡೆಯ ಕಲ್ಯಾಣಕುಮಾರ ಎಂಬ ನಮ್ಮ ಟ್ರೇನಿಂಗಿನ ಗೆಳೆಯನೂ ಬರುತ್ತಿದ್ದ. ಈಗ ಅವನು ಭೂಸನೂರಿನಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಅವನು ಕೈಯಲ್ಲಿದ್ದ ಎಲೆಗಳನ್ನು ನನ್ನ ಮುಂದಿಟ್ಟು, "ಅಕ್ಕಾ, ಮೂರೂ ಕೈ ನೀನೇ ಆಡು. ನಾ ಚಾ ಕುಡೀತೇನಿ," ಎಂದ. ಮತ್ತೆ ಬರಲಿಲ್ಲ. ಅಂಗಡಿಯ ಗದ್ದಲ ಇರಬೇಕು ಎಂದುಕೊಂಡೆ. ನನ್ನ ತಲೆಗೆ ಅಷ್ಟೇ ಹೊಳೆದದ್ದು ನೋಡಿ.

ಫೋನು ಬಂದದ್ದು ಸೋಮವಾರ. ಮಂಗಳವಾರ ಡ್ಯೂಟಿ ಮುಗಿಸಿ ಬಂದವಳೇ ಜಮಖಾನ ಹಾಸಿ ಇಡೀ ಪೆಟ್ಟಿಗೆ ಸುರುವಿದೆ. ಫರಹತಳಿಗೆ ಒಂದು ಹೊಸ ಕಟ್ಟು ಮಾಡಿಕೊಡಬೇಕು, ಅದನ್ನು ನೋಡಿ ಅವಳಿಗೆ ಮನಸ್ಸೇ ಬದಲಾಗಬೇಕು, ಇದು ನನ್ನ ಹಂಚಿಕೆ.

ಕಟ್ಟು ಮಾಡುವುದರಲ್ಲಿ ಎರಡು ಬಗೆ. ಬಲವಾದ ಎಲೆಗಳನ್ನೆಲ್ಲ ಆರಿಸಿ ಒಟ್ಟು ಹಾಕುವುದು ಒಂದು. ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಇನ್ನೊಂದು, ಒಂದು ಕಥೆ ಹಿಡಿದು ಕಟ್ಟುವುದು. ಬರೀ ಮೀನುಗಾರರ ಕಟ್ಟು, ಬರೀ ಮುದುಕರ ಕಟ್ಟು, ಹೀಗೆ. ಕಥೆಗೆ ಹೊಂದದ ಎಲೆ ಎಷ್ಟೇ ಬಲವಾದದ್ದಿರಲಿ, ಹೊರಗೆ. ಇದರಲ್ಲಿ ಸೋಲು ಹೆಚ್ಚು, ಖುಷಿಯೂ ಹೆಚ್ಚು. ಒಳ್ಳೆಯ ಎಲೆಯನ್ನು ಕೈಯಾರೆ ತೆಗೆದಿಡುವಾಗ ಹೊಟ್ಟೆ ಚುರ್ ಎನ್ನುತ್ತದೆ.

ಎಲೆಗಳನ್ನು ಜೋಡಿಸುತ್ತ ಕೂತಾಗ 'ನೆರವು' ಎಂಬ ಗುರುತಿನ ಹದಿನೆಂಟು ಎಲೆಗಳು ಕಣ್ಣಿಗೆ ಬಿದ್ದವು. ಒಂದೊಂದಾಗಿ ನೋಡಿದರೆ ಬಡಪಾಯಿಗಳು. ಗಿಡಮೂಲಿಕೆಯ ಮುದುಕಿ, ದೀಪ ಹಿಡಿದವಳು, ಹಗ್ಗ ಹೊಸೆಯುವವರು, ಅಡುಗೆಯವನು. ಅವನ್ನು ನಮ್ಮ ವೀರರ ಮುಂದೆ ಇಡುವಂತಿಲ್ಲ, ಜೊತೆಯವರ ವೀರರ ಮುಂದೆ ಇಡಬೇಕು. ಇಟ್ಟರೆ ಮುಂದಿನ ಸುತ್ತಿನಲ್ಲಿ ಅವರು ತಮ್ಮದೊಂದು ಎಲೆಯನ್ನು ನಮ್ಮ ಕಡೆ ಕಳಿಸಬೇಕು. ಒಂಬತ್ತು ವರ್ಷ ಈ ಎಲೆಗಳನ್ನು ನಾವು ಮುಟ್ಟಿರಲಿಲ್ಲ. ಅವತ್ತು ನೋಡುತ್ತ ನೋಡುತ್ತ ಎದ್ದು ಕುಣಿಯುವ ಹಾಗಾಯಿತು. ಇದು ಮುಯ್ಯಿ! ನಮ್ಮೂರ ಮುಯ್ಯಿ!

ನಮ್ಮ ಅವ್ವ ಮರೆಮ್ಮನಿಗೆ ನೆಲೋಗಿಯಲ್ಲಿ ಎರಡು ಎಕರೆ ಇತ್ತು. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಿ ಉಳಿದ ದಿನ ತನ್ನದನ್ನು ಮಾಡಿಕೊಳ್ಳುತ್ತಿದ್ದಳು. ಕೂಲಿ ಕೊಟ್ಟು ಆಳು ಕರೆಯಲು ಅವಳಿಗಾಗಲಿ ಅವಳಂಥವರಿಗಾಗಲಿ ಎಲ್ಲಿಂದ ಸಾಧ್ಯ? ಏಳೆಂಟು ಹೆಂಗಸರು ಮುಯ್ಯಾಳು ಆಗುತ್ತಿದ್ದರು. ಇವತ್ತು ಎಲ್ಲರೂ ಸೇರಿ ನನ್ನ ಹೊಲದಲ್ಲಿ ಕಸ ತೆಗೆದರೆ, ನಾಳೆ ಎಲ್ಲರೂ ಸೇರಿ ನಿನ್ನ ಹೊಲದಲ್ಲಿ. ಕೈಗೆ ಕೈ, ಅಷ್ಟೇ.

ಅವ್ವ ಬಾಗಿಲ ಹತ್ತಿರ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು.

"ಯವ್ವಾ, ನಿಮ್ಮ ಮುಯ್ಯಿಯೊಳಗ ಯಾರ್‍ಯಾರು ಇದ್ರು? ಎಲ್ಲಾರಕ್ಕಿಂತ ಜೋರು ಯಾರು?"

"ನಿಂಬೆವ್ವ. ಆಕಿ ಕೈ ಅಂದ್ರ ಕೈ ನೋಡು. ನಾವು ಅರ್ಧ ಸಾಲು ಮಾಡೂದ್ರಾಗ ಆಕಿ ಒಡ್ಡು ಮುಟ್ಟಿ ಹೊಳ್ಳಿ ಬರ್ತಿದ್ಳು. ಆದ್ರ ಆಕಿ..."

"ಸಾಕು ಸಾಕು, ಅಷ್ಟ ಬೇಕಾಗಿತ್ತು ನನಗ," ಎಂದೆ. ಗಿಡಮೂಲಿಕೆಯ ಮುದುಕಿಗೆ ನಿಂಬೆವ್ವ ಎಂದು ಹೆಸರಿಟ್ಟೆ. ಮೂರು ಪ್ರತಿ ಹಾಕಿದೆ, ಒಂದು ಕಟ್ಟಿನಲ್ಲಿ ಒಂದೇ ಎಲೆಯನ್ನು ಅದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಮಿಂಚಿನ ಖಡ್ಗ ತೆಗೆದೆ, ಹೊಲದಲ್ಲಿ ಖಡ್ಗಕ್ಕೇನು ಕೆಲಸ? ಬೆಂಕಿಯ ಕುದುರೆ ತೆಗೆದೆ. ನಾಲ್ಕು ದಿನ ಡ್ಯೂಟಿಯಿಂದ ಬಂದು ಇದೇ ಕೆಲಸ. ಒಬ್ಬಳೇ ಎರಡೂ ಕೈ ಆಡಿ ನೋಡಿದೆ, ಸೋತೆ, ನಾಲ್ಕು ಎಲೆ ಬದಲಿಸಿದೆ, ಮತ್ತೆ ಆಡಿದೆ. ಶನಿವಾರದ ಹೊತ್ತಿಗೆ ಕಟ್ಟು ಗಡಿಯಾರದ ಹಾಗೆ ನಡೆಯುತ್ತಿತ್ತು. ಯಾವ ಗಂಡಾಂತರ ಬಂದರೆ ಯಾವ ಎಲೆ ಇಡಬೇಕು ಎಂದು ಎರಡು ಹಾಳೆಯಲ್ಲಿ ಬರೆದೂ ಇಟ್ಟೆ. ವಾರ್ಡಿನಲ್ಲಿ ಮುಂದಿನ ಪಾಳಿಯವರಿಗೆ ಬರೆದಿಡುವುದಿಲ್ಲವೇ, ಹಾಗೆ.

ಭಾನುವಾರ ಹತ್ತೂವರೆಗೆ ಫರಹತ ಬಂದಳು. ಬುರ್ಖಾ ತೆಗೆದು ಗೂಟಕ್ಕೆ ಹಾಕಿ ಸೀದಾ ಅಡುಗೆ ಮನೆಗೆ ಹೋಗಿ, "ಅವ್ವಾ, ಪುಂಡಿಪಲ್ಲೆ ಮಾಡೀರೇನ್ರಿ?" ಎಂದಳು. ಅವ್ವ, "ನೀ ಬರಾಕತ್ತೀ ಅಂದಮ್ಯಾಲ ಮಾಡ್ಲಾರದ ಇರ್ತೇನೇನು?" ಎಂದು ರೊಟ್ಟಿ ಬಡಿಯುತ್ತಲೇ ಇದ್ದಳು. ಎಲ್ಲ ಯಾವತ್ತಿನ ಹಾಗೆಯೇ ಇತ್ತು. ನನ್ನ ಜೊತೆ ಮಾತ್ರ ಫರಹತ ಹೆಚ್ಚು ಮಾತಾಡಲಿಲ್ಲ.

ಉಂಡ ಮೇಲೆ ಕಟ್ಟನ್ನು ಅವಳ ಕೈಯಲ್ಲಿಟ್ಟೆ. "ಇದು ನಿಂದು. ಮುಯ್ಯಾಳಿನ ಕಟ್ಟು."

ಅವಳು ಒಂದೊಂದೇ ಎಲೆ ತಿರುವಿದಳು. ನಾನು ಕಥೆ ಹೇಳಿದೆ. ನಿಂಬೆವ್ವನ ಎಲೆ ನೋಡಿ ನಕ್ಕಳು, ನಿಜವಾಗಿ ನಕ್ಕಳು. "ಅರೇ, ಎಷ್ಟು ಛಂದ ಮಾಡೀಯಬೇ! ಇದೆಲ್ಲಾ ನನ್ನ ಸಂಬಂಧ ಮಾಡಿದೇನು?"

"ಮತ್ತ ಯಾರ ಸಂಬಂಧ?"

ಅವಳ ಕಣ್ಣು ತುಂಬಿದ ಹಾಗಿತ್ತು. ಗೆದ್ದೆ ಎಂದುಕೊಂಡೆ. ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ.

ಆಟ ಶುರುವಾಯಿತು. ಮೊದಲ ಸುತ್ತಿನಲ್ಲಿ ಅವಳು ದೀಪದವಳನ್ನು ಎತ್ತಿಕೊಂಡಳು. "ಅದನ್ನಲ್ಲ, ಹಗ್ಗದವರನ್ನ ಇಡು. ದೀಪ ಆಮ್ಯಾಲ ಬೇಕಾಗ್ತದ," ಎಂದೆ. ಹಗ್ಗದವರನ್ನು ಇಟ್ಟಳು. ಎರಡನೆಯ ಸುತ್ತಿನಲ್ಲಿ ತೋಳಗಳು ಬಂದವು. ಅವಳು ಎಲೆಗಳ ಮೇಲೆ ಬೆರಳಾಡಿಸಿದಳು. "ನಿಂಬೆವ್ವ ನೋಡಬೇ, ನಿಂಬೆವ್ವ! ಕೈಯಾಗೇ ಅದಾಳಲ್ಲ!" ಎಂದೆ. ನಿಂಬೆವ್ವನನ್ನು ಇಟ್ಟಳು. ಮೂರನೆಯ ಸುತ್ತಿನಲ್ಲಿ ಅವಳು ಎಲೆ ನೋಡಲೇ ಇಲ್ಲ, ನನ್ನ ಮುಖ ನೋಡಿದಳು. ನಾನು ಹೇಳಿದೆ, ಅವಳು ಇಟ್ಟಳು. ಹೆದರಿಕೆಯ ಅಂಕಿ ಇನ್ನೂ ಏಳರಲ್ಲೇ ಇತ್ತು. ಇಷ್ಟು ಚೆನ್ನಾಗಿ ನಾವು ಯಾವತ್ತೂ ಆಡಿರಲಿಲ್ಲ. ನಾನು ತೊಡೆ ತಟ್ಟಿಕೊಂಡೆ. ನಾಲ್ಕನೆಯ ಸುತ್ತಿಗೆ ಅವಳು ತನ್ನ ಎಲೆಗಳನ್ನು ಜಮಖಾನದ ಮೇಲೆ ಮುಖ ಮೇಲಾಗಿ ಹರವಿ, ಗೋಡೆಗೆ ಒರಗಿ ಕೂತಳು.

"ಎತ್ತಿ ಹಿಡೀಬೇ," ಎಂದೆ.

"ಯಾಕ? ನೀನೇ ನೋಡಾಕತ್ತೀಯಲ್ಲ. ನಿನಗ ಅನುಕೂಲ ಆಗ್ತದ."

ಬಾಗಿಲ ಹತ್ತಿರದಿಂದ ಅವ್ವನ ದನಿ ಬಂತು. ಅವಳಿಗೆ ಆಟ ತಿಳಿಯದು, ಆದರೆ ನನ್ನ ಗದ್ದಲ ಒಂಬತ್ತು ವರ್ಷದಿಂದ ಕೇಳಿದವಳು. "ಪಂಚೂ, ಈಗ ಯಾರ ಹೊಲದಾಗ ಅದೀರಿ ನೀವು?"

"ಅಂದ್ರ?"

"ಮುಯ್ಯಿ ಅಂತ ಮಾಡೀಯಲ್ಲ. ಈಗಿಂದು ಯಾರ ಹೊಲ? ನಿಂದೋ ಫರಹತಂದೋ?"

"ಈಗ ಆಕೀದು ಪಾಳಿ. ಆಕೀದೇ ಅನ್ನು."

"ಮತ್ತ ನೀ ಯಾಕ ಮಾತಾಡಾಕತ್ತೀ? ಮುಯ್ಯಿಗೆ ಹೋದಾಕಿ ಹೊಲದಾಕಿ ಹೇಳಿದ ಸಾಲು ಹಿಡೀಬೇಕು. ಆಕಿ ತಪ್ಪು ಸಾಲು ಹೇಳಿದ್ರೂ ಅದನ್ನೇ ಹಿಡೀಬೇಕು. ಹೊಲ ಆಕೀದು."

"ನಿಂಗ ಆಟ ತಿಳೀತದೇನು ಯವ್ವಾ? ಸುಮ್ಕ ಕುಂದ್ರು!" ಎಂದೆ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ.

ಅವ್ವ ಸುಮ್ಮನೆ ಕೂಡಲಿಲ್ಲ. ಬೇಳೆ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು. "ನಿಂಬೆವ್ವ ಅಂತ ಹೆಸರಿಟ್ಟಿ. ಆಕಿ ಕಥಿ ಅರ್ಧ ಕೇಳಿ ಬಾಯಿ ಮುಚ್ಚಿಸಿದಿ ನನಗ. ಪೂರಾ ಕೇಳು. ಆಕಿ ಕೈ ಚೊಲೋ ಇತ್ತು, ಖರೇ. ಆದ್ರ ಯಾರ ಹೊಲಕ್ಕ ಹೋದ್ರೂ ಆಕೀದೇ ಹುಕುಂ. ಹಂಗ ಕುಂದ್ರು, ಹಿಂಗ ಹಿಡಿ, ಆ ಸಾಲು ಬಿಡು, ಈ ಸಾಲಿಗೆ ಬಾ. ಆಕಿ ಹೇಳಿದ್ದೆಲ್ಲಾ ಬರೋಬ್ಬರಿನೇ ಇರ್ತಿತ್ತು. ಹೊಲದಾಕಿ ತನ್ನ ಹೊಲದಾಗ ತಾನೇ ಕೂಲಿಯಾಕಿ ಹಂಗ ನಿಂದರ್ತಿದ್ಳು. ಮರುವರ್ಷ ಆಕಿ ಹೊಲಕ್ಕ ಒಬ್ಬಾಕೀನೂ ಹೋಗ್ಲಿಲ್ಲ. ತೊಗರ್‍ಯಾಗ ಕಸ ಮೊಣಕಾಲ ಮಟ ಬೆಳೀತು. ಒಬ್ಬಾಕೀನೇ ಕುಂತು ತಗೀತಿದ್ಳು. ಎಷ್ಟು ಜೋರು ಕೈ ಇದ್ರೂ ಒಬ್ಬಾಕಿಗೆ ಎಷ್ಟು ನೀಗ್ತದ?"

"ನೀ ಹೋಗಿದ್ದೇನು?" ಎಂದು ಕೇಳಿದೆ.

"ನಾನೂ ಹೋಗ್ಲಿಲ್ಲ," ಎಂದಳು ಅವ್ವ. "ಈಗ ನೆನಸ್ಕೊಂಡ್ರ ಸಂಕಟ ಆಗ್ತದ. ಯಾರರ ಒಬ್ರು ಆಕಿಗೆ ಬಾಯಿಬಿಟ್ಟು ಹೇಳ್ಬೇಕಾಗಿತ್ತು. ಯಾರೂ ಹೇಳ್ಲಿಲ್ಲ, ಹೋಗೂದು ಬಿಟ್ವಿ."

ಫರಹತಳ ಕಡೆ ತಿರುಗಿದೆ. ಅವಳು ಅವ್ವನನ್ನೇ ನೋಡುತ್ತಿದ್ದಳು.

"ನೀನೂ ಅದಕ್ಕೇ ಬಿಡಾಕತ್ತೀ ಏನು?"

ಅವಳು ಜಮಖಾನದ ದಾರ ಎಳೆಯುತ್ತ ಕೂತಳು. ಆಮೇಲೆ ಹೇಳಿದಳು. "ಸಿಟ್ಟು ಮಾಡ್ಕೋಬ್ಯಾಡ ಪಂಚೂ. ಒಂಬತ್ತು ವರ್ಷ ಆತು. ಎಷ್ಟು ಸಲ ಗೆದ್ದೇವಿ, ಎಷ್ಟು ಸಲ ಸೋತೇವಿ. ಒಂದು ಸಲನೂ ನಾ ಗೆದ್ದಿಲ್ಲ, ನಾ ಸೋತಿಲ್ಲ. ನೀನೇ ಗೆದ್ದಿ, ನೀನೇ ಸೋತಿ. ಈಗ ನಮ್ಮ ದವಾಖಾನ್ಯಾಗ ನಾ ಇನ್‌ಚಾರ್ಜ್ ಸಿಸ್ಟರ್. ಎಂಟು ಮಂದಿ ಹುಡುಗ್ಯಾರು ನನ್ನ ಕೇಳಿ ಕೆಲಸ ಮಾಡ್ತಾರ. ಇಲ್ಲಿ ಬಂದ್ರ ಒಂದು ಎಲಿ ಇಡೂದು ನನ್ನ ಕೈಲೆ ಇಲ್ಲ. ಹೊಳ್ಳಿ ಹೋಗುವಾಗ ಬಸ್ಸಿನ್ಯಾಗ ಕುಂತು ಅನಿಸ್ತದ, ನಾ ಇಷ್ಟು ದೂರ ಯಾಕ ಬಂದೆ ಅಂತ. ನನ್ನ ಕೈ ಎರಡೂ ಕೊಟ್ಟು ಕಳಿಸಿದ್ರೂ ಸಾಕಾಗಿತ್ತು ನಿನಗ."

ತಪ್ಪಾಯ್ತು ಅನ್ನಬೇಕಿತ್ತು. ನನ್ನ ಬಾಯಿಗೆ ಆ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ. ಸಿಟ್ಟೂ ಇತ್ತು. ನಾಲ್ಕು ದಿನ ಕೂತು ಮಾಡಿದ್ದೇನೆ, ಇವರಿಬ್ಬರೂ ಸೇರಿ ಹೀಗೆ ಅನ್ನುತ್ತಾರಲ್ಲ ಎಂದು ಅಳು ಬಂತು. ಬರೆದಿಟ್ಟಿದ್ದ ಎರಡು ಹಾಳೆಗಳನ್ನು ಪರಪರ ಹರಿದು, "ಹಂಗಾದ್ರ ಆಡು! ನೀನೇ ಆಡು! ನಾ ಇನ್ನ ಬಾಯಿ ತೆರದ್ರ ಕೇಳು!" ಎಂದೆ. ಇಷ್ಟು ಒರಟಾಗಿ ಯಾರಾದರೂ ಸೋಲೊಪ್ಪುತ್ತಾರೆಯೇ? ನಾನು ಒಪ್ಪಿದೆ.

ಫರಹತ ಕಣ್ಣೊರೆಸಿಕೊಂಡು ಎಲೆಗಳನ್ನು ಎತ್ತಿ ಹಿಡಿದಳು.

ಮುಂದಿನ ಮುಕ್ಕಾಲು ತಾಸು ನಾನು ಅನುಭವಿಸಿದ್ದು ನನ್ನ ಶತ್ರುವಿಗೂ ಬೇಡ. ಕಟ್ಟು ನಾನೇ ಮಾಡಿದ್ದು, ಅವಳ ಕೈಯಲ್ಲಿ ಯಾವ ಎಲೆಗಳಿವೆ ಎಂದು ಆಗಲೇ ನೋಡಿಬಿಟ್ಟಿದ್ದೆ. ಮಂಜಿನ ರಕ್ಕಸ ಹೊರಬಿದ್ದ. ಅವನಿಗೆ ಸರಿಯಾದ ಉತ್ತರ ದೀಪದವಳು. ಫರಹತ ಎಷ್ಟೋ ಹೊತ್ತು ಯೋಚಿಸಿದಳು. ದೀಪದವಳನ್ನು ಎತ್ತಿದಳು, ನನ್ನ ಜೀವ ಬಾಯಿಗೆ ಬಂತು. ಮತ್ತೆ ಕೆಳಗಿಟ್ಟು ಅಡುಗೆಯವನನ್ನು ಇಟ್ಟಳು. ಅಡುಗೆಯವನನ್ನು! ರಕ್ಕಸನಿಗೆ! ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ. ನಾಲಿಗೆ ಕಚ್ಚಿಕೊಂಡೆ, ನಿಜವಾಗಿಯೂ ನೋವಾಯಿತು.

"ನಿನ್ನ ವೀರ ಭಾಳ ಸೊರಗ್ಯಾನ," ಎಂದಳು ಫರಹತ. "ಮೊದಲ ಅವಗ ಊಟ ಆಗ್ಲಿ. ರಕ್ಕಸನ್ನ ಆಮ್ಯಾಲ ನೋಡೂಣು."

ನನ್ನ ಇಬ್ಬರಲ್ಲಿ ಆ ವೀರನನ್ನು ನಾನೇ ಬಿಟ್ಟುಕೊಟ್ಟಿದ್ದೆ. ಅವನು ಸತ್ತರೂ ಆಟ ಗೆಲ್ಲಬಹುದು ಎಂಬುದು ನನ್ನ ಲೆಕ್ಕ. ಅವಳು ಅವನನ್ನು ಉಳಿಸಲು ನೋಡಿದಳು. ಹೆದರಿಕೆ ಹನ್ನೆರಡಾಯಿತು, ಹತ್ತೊಂಬತ್ತಾಯಿತು. ನನ್ನ ಪಾಳಿ ಬಂದಾಗ ಅವಳ ಅಡುಗೆಯವನಿಗೆ ಬದಲಾಗಿ ನಾನು ಒಂದು ಎಲೆ ಕಳಿಸಬೇಕಿತ್ತು. "ಏನು ಕಳಿಸ್ಲಿ?" ಎಂದು ಕೇಳಿದೆ. ಹೀಗೆ ಕೇಳಿದ್ದು ನನಗೇ ಹೊಸದು. ಅವಳು ಹುಬ್ಬೇರಿಸಿ, ಸ್ವಲ್ಪ ಯೋಚಿಸಿ, "ಅಂಬಿಗನ್ನ ಕಳಿಸು," ಎಂದಳು. ತಪ್ಪು, ಶುದ್ಧ ತಪ್ಪು. ಕಳಿಸಿದೆ.

ಕೋಟೆಯ ಬಾಗಿಲಿಗೆ ಇನ್ನೆರಡು ಹೆಜ್ಜೆ ಇರುವಾಗ ಹೆದರಿಕೆ ಮೂವತ್ತು ಮುಟ್ಟಿತು. ಸೋತೆವು.

ಫರಹತ ಎಲೆಗಳನ್ನು ಮೇಲಕ್ಕೆ ತೂರಿ, "ಸೋತೆ! ತೌಬಾ, ನಾ ಸೋತೆ!" ಎಂದು ಬಿದ್ದು ಬಿದ್ದು ನಕ್ಕಳು. ಬಾಗಿಲ ಹತ್ತಿರ ಅವ್ವನೂ ನಕ್ಕಳು. ಇಷ್ಟು ವರ್ಷದಲ್ಲಿ ಗೆದ್ದಾಗಲೂ ಫರಹತ ಹೀಗೆ ನಕ್ಕಿರಲಿಲ್ಲ. ನಾನು ಅದನ್ನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ನನಗೆ ನಗು ಬರಲಿಲ್ಲ. ಅವಳಿಗೆ ನಾನು ಏನು ಮಾಡಿಟ್ಟಿದ್ದೆ ಎಂದು ಆಗ ತಿಳಿಯಿತು. ಎಲೆಗಳನ್ನು ನನ್ನ ಮುಂದಿಟ್ಟು ಹೋದ ಕಲ್ಯಾಣನೂ ನೆನಪಾದ.

ಅವಳ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಬುರ್ಖಾ ಹಾಕಿಕೊಂಡು ಏಳುತ್ತಾಳೆ, ಮುಗಿಯಿತು ಎಂದುಕೊಂಡೆ. ತಡೆಯಲು ನನ್ನ ಹತ್ತಿರ ಇನ್ನು ಯಾವ ಹಂಚಿಕೆಯೂ ಉಳಿದಿರಲಿಲ್ಲ. "ತಪ್ಪಾತು ಫರಹತ," ಎಂದೆ, ಚೆಲ್ಲಿದ ಎಲೆಗಳನ್ನು ಕೂಡಿಸುತ್ತ, ಅವಳ ಮುಖ ನೋಡದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು, ನಾನು ಮಾಡಿದ್ದ ಕಟ್ಟನ್ನು ಪೂರ್ತಿ ಬಿಚ್ಚಿ, ಉಳಿದ ಎಲೆಗಳ ಜೊತೆ ಕಲಸಿಬಿಟ್ಟಳು. ನಾಲ್ಕು ದಿನದ ನನ್ನ ಕೆಲಸ ಒಂದು ಗಳಿಗೆಯಲ್ಲಿ ಹೋಯಿತು.

"ಮುಂದಿನ ತಿಂಗಳಿಗೆ ನಂದು ನಾನೇ ಕಟ್ತೇನಿ," ಎಂದಳು.

ಮುಂದಿನ ತಿಂಗಳು ಎಂದಳು. ನಾನು ತಲೆ ಎತ್ತಲಿಲ್ಲ, ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಅವಳು ಎಲೆಗಳನ್ನು ಹರವಿಕೊಂಡು ಆರಿಸತೊಡಗಿದಳು. ಅವಳ ಕಥೆ ಏನು, ಯಾರ ಕಟ್ಟು ಅದು, ನನಗೆ ತಿಳಿಯಲಿಲ್ಲ. ಒಂದು ದೋಣಿ, ಎರಡು ಗೂಬೆ, ಒಬ್ಬ ಕುಂಟ ಮಂತ್ರವಾದಿ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಆಮೇಲೆ 'ಒಣ ಬಾವಿ' ಎಂಬ ಎಲೆಯನ್ನು ಎತ್ತಿದಳು. ಆ ಪೆಟ್ಟಿಗೆಯಲ್ಲೇ ಅದಕ್ಕಿಂತ ಕೆಲಸಕ್ಕೆ ಬಾರದ ಎಲೆ ಇನ್ನೊಂದಿಲ್ಲ. ಅದು ಯಾಕೆ ಕೆಲಸಕ್ಕೆ ಬಾರದು ಎಂಬುದಕ್ಕೆ ನಾನು ಏಳು ಕಾರಣ ಹೇಳಬಲ್ಲೆ.

ಅವಳು ಅದನ್ನು ನನ್ನ ಮುಂದೆ ಹಿಡಿದಳು. "ಇದು ಹ್ಯಾಂಗದಬೇ?"

ಅವ್ವ ಬೇಳೆ ಕೇರುವುದನ್ನು ನಿಲ್ಲಿಸಿದಳು.

"ನನಗ ಗೊತ್ತಿಲ್ಲಬೇ," ಎಂದೆ. "ನೀನೇ ನೋಡು."

ಫರಹತಳಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅದು ಸುಳ್ಳೆಂದು ಅವಳಿಗೂ ಗೊತ್ತಾಯಿತು. ನನ್ನನ್ನೇ ಒಂದು ಗಳಿಗೆ ನೋಡಿ, ಒಣ ಬಾವಿಯ ಮೂರು ಪ್ರತಿಯನ್ನೂ ಹುಡುಕಿ ತನ್ನ ಕಟ್ಟಿಗೆ ಹಾಕಿಕೊಂಡಳು.